ಅಕ್ಬರ ಬಾದಶಹನೂ ಅವನ ಹೊಸ ಮತವೂ

ಹೊಸ ಮತಗಳನ್ನು ಸ್ಥಾಪಿಸಿದವರ ಚರಿತ್ರೆಯನ್ನು ಓದುವಾಗ, ಇವರು ಜನರನ್ನು ವಂಚಿಸಲು ಹೊರಟವರೆಂದು ಒಂದೇ ಮಾತಿನಲ್ಲಿ ತೀರ್ಪು ಹೇಳಿಬಿಡುವದು ಸುಲಭ. ಆದರೆ ಮನುಷ್ಯನ ಹೃದಯವು ಅಷ್ಟು ಸರಳವಾದದ್ದಲ್ಲ. ಸತ್ಯದ ಹಸಿವೂ ರಾಜ್ಯದ ಚಿಂತೆಯೂ ಹೆಸರಿನ ಆಶೆಯೂ ಒಂದೇ ಎದೆಯಲ್ಲಿ ಕೂಡಿ ವಾಸಿಸುವದುಂಟು. ಪ್ರಿಯ ವಾಚಕರೇ, ಇದಕ್ಕೆ ದೃಷ್ಟಾಂತವಾಗಿ ಮೊಗಲ ಬಾದಶಹನಾದ ಅಕ್ಬರನ ಜೀವಿತವನ್ನು ನಾವು ಸಂಕ್ಷೇಪವಾಗಿ ಹೇಳುವೆವು.

ಅಕ್ಬರನು 1542ರಲ್ಲಿ ಸಿಂಧ ದೇಶದ ಉಮರಕೋಟೆಯಲ್ಲಿ ಹುಟ್ಟಿದನು. ಆಗ ಅವನ ತಂದೆಯಾದ ಹುಮಾಯೂನನು ರಾಜ್ಯವನ್ನು ಕಳಕೊಂಡು ಅಲೆಯುತ್ತಿದ್ದನು. 1556ರಲ್ಲಿ ತಂದೆಯು ತೀರಿಹೋಗಲು, 13 ವರುಷದ ಹುಡುಗನು ಸಿಂಹಾಸನವನ್ನೇರಿದನು. ಅವನು ಓದುಬರಹವನ್ನು ಕಲಿಯಲಿಲ್ಲ. ಆದರೂ ಪುಸ್ತಕಗಳನ್ನು ಓದಿಸಿ ಕೇಳಿ ನೆನಪಿನಲ್ಲಿಡುತ್ತಿದ್ದನು. ಆಳುವವರು ಮುಸಲ್ಮಾನರು, ಪ್ರಜೆಗಳಲ್ಲಿ ಬಹುಮಂದಿ ಹಿಂದೂಗಳು. ಹೀಗಿರಲಾಗಿ ಅವನು 1563ರಲ್ಲಿ ಯಾತ್ರಿಕರ ಮೇಲಣ ತೆರಿಗೆಯನ್ನೂ, 1564ರಲ್ಲಿ ಜಿಜಿಯಾ ಎಂಬ ತಲೆಗಂದಾಯವನ್ನೂ ತೆಗೆದುಹಾಕಿದನು.

1575ರಲ್ಲಿ ಫತೇಪುರ ಸಿಕ್ರಿಯಲ್ಲಿ ಆರಾಧನಾ ಮಂದಿರವೊಂದನ್ನು ಕಟ್ಟಿಸಿ, ಪಂಡಿತರನ್ನು ಕರಿಸಿ, ದೇವರ ವಿಷಯವಾಗಿ ವಾದಿಸುವದನ್ನು ರಾತ್ರಿಯೆಲ್ಲಾ ಕೇಳುತ್ತಾ ಕೂತಿರುವನು. ಆದರೆ ಆ ಪಂಡಿತರು ಮೊದಲು ಜಗಳವಾಡಿದ್ದು ದೇವರ ವಿಷಯವಾಗಿ ಅಲ್ಲ, ಯಾರು ಯಾವ ಸ್ಥಳದಲ್ಲಿ ಕೂತುಕೊಳ್ಳಬೇಕೆಂಬ ವಿಷಯವಾಗಿಯೇ! ಅರಸನು ಒಂದೊಂದು ಗುಂಪಿಗೆ ಒಂದೊಂದು ದಿಕ್ಕನ್ನು ನೇಮಿಸಬೇಕಾಯಿತು. ಒಬ್ಬನು ಧರ್ಮವೆಂದದ್ದನ್ನು ಮತ್ತೊಬ್ಬನು ಅಧರ್ಮವೆಂದು ಕೂಗಿದಾಗ ಅರಸನ ಮನಸ್ಸು ಅವರಿಂದ ತಿರುಗಿತು. ಆಮೇಲೆ ಬ್ರಾಹ್ಮಣರನ್ನೂ ಜೈನರನ್ನೂ ಪಾರಸಿಗಳನ್ನೂ ಕರಿಸಿದನು. 1580ರಲ್ಲಿ ಗೋವೆಯಿಂದ ಕಥೋಲಿಕ ಪಾದ್ರಿಗಳು ಬಂದು ಸತ್ಯವೇದವನ್ನು ಕಾಣಿಕೆಯಾಗಿ ಕೊಡಲು, ಅದನ್ನು ಮುದ್ದಿಟ್ಟು ತಲೆಯ ಮೇಲಿಟ್ಟುಕೊಂಡನು.

ಅವನ ಹಸಿವು ಬರೀ ವೇಷವಾಗಿತ್ತೆಂದು ನಾವು ಹೇಳಲಾರೆವು. 1578ರಲ್ಲಿ ಜೇಲಮ್ ನದಿಯ ಬಳಿಯಲ್ಲಿ ದೊಡ್ಡ ಬೇಟೆಗಾಗಿ ಮೃಗಗಳನ್ನು ಸುತ್ತುಗಟ್ಟಿದ್ದಾಗ, ಅರಸನು ಫಕ್ಕನೆ ಒಳಗೆ ಕಲಕಿದವನಾಗಿ, ಬೇಟೆಯನ್ನು ನಿಲ್ಲಿಸಿ ಅವುಗಳನ್ನೆಲ್ಲಾ ಬಿಡಿಸಿದನು.

ಆದರೆ ಮರುವರುಷವೇ, ಪಂಡಿತರಲ್ಲಿ ಭೇದ ಬಂದರೆ ಬಾದಶಹನ ತೀರ್ಪೇ ನಿಲ್ಲಬೇಕೆಂಬ ಪತ್ರಕ್ಕೆ ಅವರಿಂದ ರುಜು ಹಾಕಿಸಿಕೊಂಡನು. 1582ರಲ್ಲಿ ದೀನ್ ಇಲಾಹಿ ಎಂದು ಹೆಸರಾದ ಮತವನ್ನು ಸ್ಥಾಪಿಸಿದನು. ಅದರಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ, ಗ್ರಂಥವಿಲ್ಲ, ಅರಸನೇ ಗುರು. ಶಿಷ್ಯನಾಗುವವನು ಮುಂಡಾಸನ್ನು ಕೈಯಲ್ಲಿ ಹಿಡಿದು ಅರಸನ ಪಾದಗಳ ಮೇಲೆ ತಲೆಯಿಡಬೇಕು. ದೇವರು ದೊಡ್ಡವನೆಂಬದು ಅವರ ವಂದನೆಯಾಗಿತ್ತು. ಆದರೆ ದೊಡ್ಡವನೆಂಬ ಅರಬಿ ಮಾತು ಅಕ್ಬರನ ಹೆಸರೇ ಆದ್ದರಿಂದ, ಯಾರನ್ನು ಹೊಗಳಿದರೆಂಬದು ಕೇಳುವವರ ಮನಸ್ಸಿಗೆ ಬಿಟ್ಟದ್ದಾಯಿತು. ಮಿತ್ರನಾದ ಅಬುಲ್ ಫಜಲನು ಇದರಲ್ಲಿ ಬೆಳಕನ್ನು ಕಂಡನು. ಬದಾಯೂನಿಯು ಗರ್ವವನ್ನೂ ಮುಖಸ್ತುತಿಯನ್ನೂ ಕಂಡು ಗುಟ್ಟಾಗಿ ಬರೆದಿಟ್ಟನು. ಇಬ್ಬರೂ ಕಂಡದ್ದು ಅವನಲ್ಲಿ ಇದ್ದಿರಬೇಕೆಂದು ನಾವು ನೆನಸುತ್ತೇವೆ.

ಅವನು ಯಾರನ್ನೂ ಬಲಾತ್ಕರಿಸಲಿಲ್ಲವೆಂಬದನ್ನು ನ್ಯಾಯವಾಗಿ ಹೇಳಬೇಕು. ಸೇನಾಪತಿಯಾದ ಮಾನಸಿಂಹನು, ಪ್ರಾಣವನ್ನಾದರೂ ಕೊಡುವೆನು, ಈ ಹೊಸ ಮಾರ್ಗವನ್ನು ಮಾತ್ರ ಅರಿಯೆನೆಂದು ಹೇಳಿ ಸೇರದೆ ಇದ್ದರೂ ತನ್ನ ಪದವಿಯಲ್ಲಿಯೇ ಉಳಿದನು. ಹಿಂದೂಗಳಲ್ಲಿ ಬೀರಬಲನೊಬ್ಬನೇ ಸೇರಿದನೆನ್ನುತ್ತಾರೆ. ಹೆಸರು ತಿಳಿದಿರುವ ಶಿಷ್ಯರು 20 ಮಂದಿಯೂ ಇಲ್ಲ. 1605ರಲ್ಲಿ ಅಕ್ಬರನು ಸತ್ತ ಮೇಲೆ ಆ ಮತವು ಹೆಚ್ಚು ಕಾಲ ನಿಲ್ಲಲಿಲ್ಲ. ತಲೆಗಂದಾಯವನ್ನು ತೆಗೆದ ಕಾರ್ಯವಾದರೋ, 1679ರಲ್ಲಿ ಅವನ ಮರಿಮಗನಾದ ಔರಂಗಜೇಬನು ಅದನ್ನು ತಿರಿಗಿ ಹೇರುವ ತನಕ ನೂರು ವರುಷಕ್ಕಿಂತ ಹೆಚ್ಚಾಗಿ ಬಡವರ ಭಾರವನ್ನು ಹಗುರಮಾಡಿತು. ತನ್ನ ಪಾದಗಳ ಬಳಿಗೆ ಜನರನ್ನು ಕೂಡಿಸಿದ್ದು ಅಳಿದುಹೋಯಿತು. ನ್ಯಾಯವಾಗಿ ಮಾಡಿದ್ದು ಉಳಿಯಿತು.

ಇದನ್ನು ಬರೆಯುವಾಗ ನಮಗೇ ನಾಚಿಕೆಯಾಗುತ್ತದೆ. ನಮ್ಮ ಚಿಕ್ಕ ಸಭೆಗಳಲ್ಲಿಯೂ ಕೂತುಕೊಳ್ಳುವ ಸ್ಥಳಕ್ಕಾಗಿ ವ್ಯಾಜ್ಯಗಳಿಲ್ಲವೋ? ಇವರು ನಮ್ಮ ಕಡೆಯವರು, ಅವರು ಆ ಉಪದೇಶಿಯ ಕಡೆಯವರೆಂದು ಎಣಿಸುವಾಗ, ನಮಗೂ ಒಂದು ಚಿಕ್ಕ ಮತವನ್ನು ಸ್ಥಾಪಿಸುವ ಆಶೆ ಹುಟ್ಟುವದಿಲ್ಲವೋ? ಅಕ್ಬರನ ಎದೆಯನ್ನು ಶೋಧಿಸುವದು ದೇವರಿಗೇ ಸೇರಿದ್ದು. ನಾವು ಮೊದಲು ನಮ್ಮದನ್ನು ಶೋಧಿಸಿಕೊಳ್ಳೋಣ.