ಮನ್ರೋ ಸಾಹೇಬನ ಕರಾವಳಿ ಡೆಪ್ಯುಟೇಷನ್

ಮಂಗಳೂರು ರೈಲಿನಿಂದ ಚೆನ್ನೈ ಸೆಂಟ್ರಲ್‌ನಲ್ಲಿಳಿದು ಮೌಂಟ್ ರೋಡ್ ಕಡೆ ಹೊರಟರೆ, ಐಲೆಂಡ್ ಮೈದಾನದ ಹತ್ತಿರ ಎತ್ತರದ ಪೀಠದ ಮೇಲೆ ಒಬ್ಬ ಕುದುರೆ ಸವಾರ ಕಾಣುತ್ತಾನೆ. ಕುದುರೆಗೆ ಜೀನು ಇಲ್ಲ, ಸವಾರನಿಗೆ ರಿಕಾಪು ಇಲ್ಲ. ಅವನು ಸರ್ ಥಾಮಸ್ ಮನ್ರೋ. ಆರು ತಿಂಗಳ ಪ್ರಾಜೆಕ್ಟ್ ಎಂದು ಈ ಊರಿಗೆ ಬಂದ ನಾನು ಏಳು ವರ್ಷದಿಂದ ಅವನನ್ನು ದಾಟಿಕೊಂಡೇ ಆಫೀಸಿಗೆ ಹೋಗುತ್ತಿದ್ದೇನೆ.

ಕನ್ನಡಿಗರಿಗೆ ಮನ್ರೋ ಎಂದರೆ ಮಂತ್ರಾಲಯ. ಮಠದ ಭೂಮಿಯ ವಿಚಾರಣೆಗೆ ಬಂದ ಕಲೆಕ್ಟರನಿಗೆ ರಾಯರು ಬೃಂದಾವನದಿಂದಲೇ ದರ್ಶನ ಕೊಟ್ಟರೆಂಬ ಕತೆಯನ್ನು ಕೇಳದವರು ಯಾರು? ಆದರೆ ಆ ಸೀಮೆಗೆ ಹೋಗುವ ಮುಂಚೆ ಅವನು ನಮ್ಮ ಕೆನರಾದ ಕಲೆಕ್ಟರಾಗಿದ್ದ. ಅದೂ ಮನಸ್ಸಿಲ್ಲದ ಮನಸ್ಸಿನಿಂದ.

1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವನು. ತಂದೆಯದು ವರ್ಜೀನಿಯಾದ ತಂಬಾಕಿನ ವ್ಯಾಪಾರ. ಅಮೆರಿಕದಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ಅದು ಮುಳುಗಿತು. ಹುಡುಗ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದ, ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಕಾದಿದ. 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ, ಅಂದರೆ ಈಗಿನ ಧರ್ಮಪುರಿ ಸುತ್ತಮುತ್ತ, ಕಂದಾಯದ ಕೆಲಸ. ಆ ಬಯಲುಸೀಮೆ ಅವನಿಗೆ ಬಹಳ ಹಿಡಿಸಿತ್ತು. ಧರ್ಮಪುರಿಯಲ್ಲಿ ಒಂದು ತೋಟವನ್ನೂ ಮಾಡಿಕೊಂಡಿದ್ದ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಕೈಯಲ್ಲಿದ್ದ ಕರಾವಳಿ ಕಂಪನಿಯ ಪಾಲಾಯಿತು. ಕಾರವಾರದಿಂದ ಕಾಸರಗೋಡಿನ ತನಕದ ಆ ಪಟ್ಟಿಗೆ ಯಾರನ್ನು ಕಳಿಸುವುದು? ಕಂದಾಯ ಬಲ್ಲವನು ಮನ್ರೋ, ಅವನೇ ಹೋಗಲಿ ಎಂದಾಯಿತು. ಬಾರಾಮಹಲಿಗೆ ವಾಪಸು ಹೋಗಬೇಕೆಂದಿದ್ದ ಮನುಷ್ಯ ಕರ್ತವ್ಯವೆಂದು ಒಪ್ಪಿಕೊಂಡ.

ಬಂದ ದಿನದಿಂದ ಊರು ಒಗ್ಗಲಿಲ್ಲ. ಕುದುರೆ ಓಡಿಸಿ ಅಭ್ಯಾಸವಾದವನಿಗೆ ಇಲ್ಲಿ ನಾಲ್ಕು ಹೆಜ್ಜೆಗೊಂದು ಗುಡ್ಡ, ಗುಡ್ಡ ಇಳಿದರೆ ಹೊಳೆ, ಹೊಳೆಗೆ ದೋಣಿ ಕಾಯಬೇಕು. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಕೆಲವು ಕಡೆ ರೈತರು ಕೂಟ ಕಟ್ಟಿಕೊಂಡು, ತೆರಿಗೆ ಇಳಿಸದೆ ಮಾತಿಲ್ಲ ಎಂದು ಸಾಹೇಬನನ್ನು ನೋಡಲೂ ಬರಲಿಲ್ಲ. ವಿಟ್ಲದ ಅರಸ ಹೆಗ್ಗಡೆ ದಂಗೆಯೆದ್ದ. 1800ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಾಗೆ ಮಾಡಬೇಕೆಂದವರಲ್ಲಿ ಮನ್ರೋ ಕೂಡ ಒಬ್ಬ. ವಿಟ್ಲದ ಕಡೆಯವನಾದ ನನಗೆ ಪ್ರತಿಮೆಯ ಮುಂದೆ ನಿಂತಾಗ ಇದು ನೆನಪಾಗದೆ ಇರುವುದಿಲ್ಲ.

ಇಷ್ಟರ ನಡುವೆ ಅವನು ಸ್ನೇಹಿತರಿಗೆ, ಮೇಲಿನವರಿಗೆ ಪತ್ರ ಬರೆಯುತ್ತಲೇ ಇದ್ದ: ಇಲ್ಲಿಂದ ಬಿಡಿಸಿ. ಬಾರಾಮಹಲಿನ ಏಳು ವರ್ಷದ್ದಕ್ಕಿಂತ ಹೆಚ್ಚು ಕೆಲಸ ಇಲ್ಲಿ ಒಂದೇ ವರ್ಷದಲ್ಲಿ ಎಂದು ಅವನ ದೂರು. ಮ್ಯಾನೇಜರ್‌ಗೆ ರಿಲೀಸ್ ಕೇಳಿ ಮೇಲ್ ಹಾಕುವ ನಮ್ಮವರ ಮುಖ ಆಗ ನನ್ನ ಕಣ್ಮುಂದೆ ಬರುತ್ತದೆ.

ಆದರೆ ಕೆಲಸದಲ್ಲಿ ಕಳ್ಳಾಟ ಆಡಲಿಲ್ಲ. ಶಾನುಭೋಗರ ಹಳೆಯ ಲೆಕ್ಕಪತ್ರ ತೆಗೆಸಿದ. ವಿಜಯನಗರದ ಕಾಲದ ದರ ಎಷ್ಟು, ಕೆಳದಿ ನಾಯಕರು ಎಷ್ಟು ಸೇರಿಸಿದರು, ಹೈದರ್ ಮತ್ತು ಟಿಪ್ಪು ಎಷ್ಟು ಏರಿಸಿದರು ಎಂದು ಪದರ ಪದರವಾಗಿ ಬಿಡಿಸಿದ. ಹಳೆಯ ಕೋಡ್ ಓದಿದವರಿಗೆ ಈ ಕಷ್ಟ ಗೊತ್ತು. ಅವನಿಗೆ ಅಚ್ಚರಿ ಹುಟ್ಟಿಸಿದ್ದು ಒಂದು ಸಂಗತಿ: ಇಲ್ಲಿ ಭೂಮಿ ದೊರೆಯದ್ದಲ್ಲ, ಮೂಲಿ ಹಕ್ಕುದಾರರದ್ದು. ಅವರು ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಟ್ಟು ಹೋಗುತ್ತಾರೆ, ಕಂದಾಯವನ್ನು ನೇರವಾಗಿ ಕಟ್ಟುತ್ತಾರೆ. 1800ರಲ್ಲಿ ಕಳಿಸಿದ ವರದಿಗಳಲ್ಲಿ ಇದನ್ನೆಲ್ಲ ಬರೆದ. ಬಂಗಾಳದಂತೆ ಜಮೀನ್ದಾರರನ್ನು ನಿಲ್ಲಿಸುವುದೇ ಸರಿ ಎಂದು ಮೇಲಿನವರು ನಂಬಿದ್ದ ಕಾಲ ಅದು. ಮಧ್ಯವರ್ತಿ ಬೇಡ ಎನ್ನುವ ಮನ್ರೋವಿನ ರೈತವಾರಿ ವಾದಕ್ಕೆ ನಮ್ಮ ಗದ್ದೆಗಳೂ ಸಾಕ್ಷಿ ಹೇಳಿದವು.

ವರ್ಷದ ಮೇಲೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಬಿಡುಗಡೆ ಸಿಕ್ಕಿತು. ಬಳ್ಳಾರಿ, ಕಡಪಾ ಸೀಮೆಗೆ ಹೋದ. ಅವನ ನಂತರ ಕೆನರಾವನ್ನು ಇಬ್ಬರು ಕಲೆಕ್ಟರುಗಳಿಗೆ ಹಂಚಬೇಕಾಯಿತು. ದೂರು ಸುಳ್ಳಲ್ಲ ಅಂತಾಯಿತು. 1820ರಲ್ಲಿ ಮದರಾಸಿನ ಗವರ್ನರ್ ಆದ. ಕೊನೆಗೆ ರಾಜೀನಾಮೆ ಕೊಟ್ಟು, ಊರಿಗೆ ಹೊರಡುವ ಮುಂಚೆ ಹಳೆಯ ಸೀಮೆಯವರಿಗೆ ವಿದಾಯ ಹೇಳಲು ಹೋದವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಆ ಕೊನೆಯ ಪ್ರವಾಸಕ್ಕೆ ಅವನು ಆರಿಸಿಕೊಂಡದ್ದು ಬಯಲುಸೀಮೆಯನ್ನೇ.

ನನಗೆ ಅವನ ಮೇಲಿರುವ ತಕರಾರು ಬೇರೆ. ಮಧ್ಯವರ್ತಿ ಬೇಡ ಎಂದವನ ಲೆಕ್ಕ ನಮ್ಮಲ್ಲಿ ಕಂದಾಯ ಕಟ್ಟುವ ವರ್ಗದಾರನ ಹತ್ತಿರವೇ ನಿಂತಿತು. ಅವನ ಕೆಳಗೆ ಚಾಲಗೇಣಿಗೆ ಉಳುವವನು, ಧಣಿ ಏಳೆಂದರೆ ಏಳಬೇಕಾದವನು, ಆ ಲೆಕ್ಕದ ಹೊರಗೇ ಉಳಿದ. ನನ್ನ ಅಜ್ಜ ಅಂಥವರಲ್ಲಿ ಒಬ್ಬರು. ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ ಅವರು ಅರ್ಜಿ ಹಾಕಿ, ಟ್ರಿಬ್ಯೂನಲ್‌ಗೆ ಅಲೆದು ಒಂದೂವರೆ ಎಕರೆ ಮಾಡಿಕೊಂಡರು. ಮನೆಯಲ್ಲಿ ಇಂದಿಗೂ ಅದಕ್ಕೆ ಡಿಕ್ಲರೇಷನ್ ಗದ್ದೆ ಎಂದೇ ಹೆಸರು.