ಲಿಂ. ಡೆಪ್ಯುಟಿ ಚನ್ನಬಸಪ್ಪನವರು

ಶ್ರೀಮಠದ ಸದ್ಭಕ್ತರಲ್ಲಿ ವಯೋವೃದ್ಧರಾದವರು ತಮ್ಮ ಹಿರಿಯರು ಐಗಳ ಮಠದಲ್ಲಿ ಅಕ್ಷರ ಕಲಿತ ಸಂಗತಿಯನ್ನು ಕೇಳಿ ಬಲ್ಲರು. ಗುಡಿಯ ಪೌಳಿಯಲ್ಲಿಯೋ ಊರ ಚಾವಡಿಯಲ್ಲಿಯೋ ಐಗಳೊಬ್ಬರೇ ಕುಳಿತು, ಓನಾಮ ತಿದ್ದುವ ಕೂಸು ಮೊದಲ್ಗೊಂಡು ಜೈಮಿನಿ ಭಾರತವನ್ನೋದುವ ಹುಡುಗನವರೆಗೆ ಸಕಲರಿಗೂ ಒಂದೇ ಹೊತ್ತಿನಲ್ಲಿ ಪಾಠ ಹೇಳುತ್ತಿದ್ದರು. ಮರಳಿನ ಮೇಲೆ ಅಕ್ಷರ, ಕೂಗಿನಿಂದ ಮಗ್ಗಿ. ದೊಡ್ಡವರು ಸಣ್ಣವರನ್ನು ತಿದ್ದುತ್ತಿದ್ದ ಕಾರಣ ಮಕ್ಕಳು ಎಷ್ಟೇ ಹೆಚ್ಚಿದರೂ ಮಠ ನಡೆಯುತ್ತಿತ್ತು. ಆದರೆ ಯಾವ ವರುಷದಲ್ಲಿ ಯಾವುದನ್ನು ಕಲಿಸಬೇಕೆಂಬ ಕಟ್ಟು ಅಲ್ಲಿ ಇರಲಿಲ್ಲ. ಧಾರವಾಡ ಸೀಮೆಯಲ್ಲಿ ಆ ಕಟ್ಟನ್ನು ಕನ್ನಡದಲ್ಲಿಯೇ ಹಾಕಲು ದುಡಿದ ಮಹನೀಯರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು.

ಇವರು 1834ರಲ್ಲಿ ಧಾರವಾಡದಲ್ಲಿ ಬಸಲಿಂಗಪ್ಪ ತಿಮ್ಮವ್ವ ದಂಪತಿಗಳ ಉದರದಲ್ಲಿ ಜನಿಸಿದರು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಆ ನಾಡು ಮುಂಬಯಿ ಸರಕಾರದ ವಶಕ್ಕೆ ಬಂದಿತ್ತಾದರೂ, ಕಚೇರಿಯಲ್ಲಿಯೂ ಸರಕಾರಿ ಶಾಲೆಯಲ್ಲಿಯೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ಅವ್ವನೊಡನೆ ಕನ್ನಡ ನುಡಿದ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕವಾಗುತ್ತಿತ್ತು. ಲೆಕ್ಕ ತಿಳಿಯುವುದಕ್ಕೆ ಮೊದಲು ಲೆಕ್ಕ ಹೇಳುವ ಭಾಷೆಯನ್ನು ಅದು ತಿಳಿಯಬೇಕಾಗಿತ್ತು. ಚನ್ನಬಸಪ್ಪನವರಾದರೋ ಪುಣೆಗೆ ಹೋಗಿ ವಿದ್ಯಾರ್ಜನೆ ಮಾಡಿ, ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಬಲ್ಲವರು. ಮರಾಠಿಯ ಮೇಲಣ ದ್ವೇಷದಿಂದ ಅವರು ಕನ್ನಡದ ಪಕ್ಷ ಹಿಡಿದರೆನ್ನುವುದು ತಪ್ಪು. ಮಗುವಿನ ಕಷ್ಟವನ್ನು ಕಂಡು ಹಿಡಿದರು.

1854ರ ವುಡ್ ಸಾಹೇಬರ ಶಿಕ್ಷಣಪತ್ರವು ಜನಸಾಮಾನ್ಯರಿಗೆ ದೇಶಭಾಷೆಯಲ್ಲಿ ವಿದ್ಯೆ ಕೊಡಬೇಕೆಂದು ವಿಧಿಸಿತು. ಮರುವರುಷ ಮುಂಬಯಿ ಪ್ರಾಂತದಲ್ಲಿ ವಿದ್ಯಾಖಾತೆ ಸ್ಥಾಪನೆಯಾಯಿತು. ಆಜ್ಞೆಯೇನೋ ಬಂದಿತು, ಆದರೆ ಕನ್ನಡ ಶಾಲೆ ತೆರೆಯೋಣವೆಂದರೆ ಇಯತ್ತೆಗಳಿಗೆ ತಕ್ಕ ಪುಸ್ತಕಗಳಿರಲಿಲ್ಲ, ಕಲಿಸುವ ರೀತಿಯನ್ನು ಕಲಿತ ಮಾಸ್ತರರಿರಲಿಲ್ಲ. ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿಯೂ ಅನಂತರ ಶಾಲೆಗಳ ಡೆಪ್ಯುಟಿ ತನಿಖೆಗಾರರಾಗಿಯೂ ಈ ಎರಡು ಕೊರತೆಗಳ ಮೇಲೆ ಬಿದ್ದರು. ವಿದ್ಯಾಧಿಕಾರಿ ರಸೆಲ್ ಸಾಹೇಬರ ಬೆಂಬಲ ಅವರಿಗಿತ್ತು. ಕನ್ನಡ ಜನರ ಊರುಗಳ ಮರಾಠಿ ಶಾಲೆಗಳು ಕ್ರಮೇಣ ಕನ್ನಡ ಶಾಲೆಗಳಾದವು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದ ಪಂಡಿತರ ಲೇಖನಿಯೂ ಅದೇ ಕಾಲದಲ್ಲಿ ಕನ್ನಡ ಶಾಲೆಗಳ ಕೆಲಸಕ್ಕೆ ಒದಗಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ನಾರ್ಮಲ್ ಶಾಲೆಯಲ್ಲಿ ತಯಾರಾದ ಮಾಸ್ತರನು ಹಳ್ಳಿಗೆ ಹೋದ ಮೇಲೆ ಮತ್ತೆ ಒಬ್ಬಂಟಿಗನೇ. ಒಂದೇ ಕೋಣೆ, ಹಲವು ಇಯತ್ತೆ, ಹತ್ತಾರು ಮಕ್ಕಳು. ಒಂದು ಇಯತ್ತೆಗೆ ಬಾಯಿಪಾಠ ಕೊಟ್ಟು, ಮತ್ತೊಂದಕ್ಕೆ ಶುದ್ಧಬರೆಹ ಹಾಕಿ, ಮೂರನೆಯದರ ಲೆಕ್ಕ ನೋಡಬೇಕು. ಸಂದೇಹ ಬಂದರೆ ಕೇಳುವುದಾರನ್ನು? ಇಂಥ ಮಾಸ್ತರರಿಗಾಗಿಯೇ 1865ರಲ್ಲಿ ಚನ್ನಬಸಪ್ಪನವರ ನೇತೃತ್ವದಲ್ಲಿ ಒಂದು ಪತ್ರಿಕೆ ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಹೆಸರು ಕೇಳಿ ನಮ್ಮ ಮಠಗಳ ವಾರ್ತಾಪತ್ರವೆಂದು ಬಗೆಯಬಾರದು. ಆಗ ಶಾಲೆಗೇ ಜನರು ಮಠವೆನ್ನುತ್ತಿದ್ದರು. ಸರಕಾರಿ ನೌಕರರಾದರೂ ಜನರ ಬಾಯಿಯ ಆ ಮಾತನ್ನು ಬಿಡದೆ ಉಳಿಸಿಕೊಂಡುದು ನಮಗೆ ಬಹು ಹಿತವೆನಿಸುತ್ತದೆ. ಮುಂದೆ ಆ ಪತ್ರಿಕೆಯೇ ಹೆಸರು ಬದಲಿಸಿಕೊಂಡು ‘ಜೀವನ ಶಿಕ್ಷಣ’ವೆನಿಸಿತು.

ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಒಂದು ಕೊರಗಿದೆಯೆಂಬುದನ್ನು ಮುಚ್ಚಿಡಲಾರೆ. ಹೊಸ ವಾಚನಪುಸ್ತಕಗಳು ಬಂದಂತೆಲ್ಲ ಕಾವ್ಯವನ್ನು ಕಂಠಗತ ಮಾಡುವ ಐಗಳ ಪದ್ಧತಿ ಸವೆದುಹೋಯಿತು. ಆದರೆ ಆ ಹಳೆಯ ಮಠಗಳಲ್ಲಿ ಜೈಮಿನಿಯವರೆಗೆ ಮುಟ್ಟಿದ ಮಕ್ಕಳೆಷ್ಟು, ಮಗ್ಗಿಯಲ್ಲಿಯೇ ಬಿಟ್ಟು ಹೊಲಕ್ಕೆ ಹೋದವರೆಷ್ಟು ಎಂದು ನೆನೆದಾಗ ಚನ್ನಬಸಪ್ಪನವರ ಕಡೆಗೇ ಮನಸ್ಸು ವಾಲುತ್ತದೆ.

ಇಷ್ಟು ಕಾರ್ಯಭಾರದ ನಡುವೆ ಶೇಕ್ಸಪಿಯರ ಕವಿಯ ನಾಟಕವೊಂದನ್ನು ಕನ್ನಡಿಸಿದರು. ಅವರ ಹುದ್ದೆಯ ಹೆಸರು ಜನರ ಬಾಯಲ್ಲಿ ಅವರ ಹೆಸರಿಗೇ ಹತ್ತಿಕೊಂಡಿತು. ಆಮೇಲೆ ಎಷ್ಟೋ ಡೆಪ್ಯುಟಿಗಳು ಬಂದು ಹೋದರೂ ಆ ಬಿರುದು ಇವರೊಬ್ಬರದೇ ಆಗಿ ಉಳಿಯಿತು.

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಲಿಂಗೈಕ್ಯರಾದರು. ಎರಡು ವರುಷಗಳ ತರುವಾಯ, 1883ರಲ್ಲಿ, ಅದೇ ಧಾರವಾಡದಲ್ಲಿ ಸಮಾಜದ ಬಡ ವಿದ್ಯಾರ್ಥಿಗಳ ಸಲುವಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು.