ಸಂಘಶಕ್ತಿಯನ್ನು ಶೋಧಿಸಿದ ಟೋಕ್ವಿಲ್

ಒಂದು ಜನಾಂಗಕ್ಕೆ ಮತದಾನದ ಹಕ್ಕು ದೊರೆತ ಮಾತ್ರಕ್ಕೆ ಅದು ಸ್ವತಂತ್ರವಾಯಿತೆಂದು ಹೇಳಬಹುದೆ? ಐದು ವರ್ಷಗಳಿಗೊಮ್ಮೆ ಮತವನ್ನು ಕೊಟ್ಟು, ಉಳಿದ ದಿನಗಳಲ್ಲಿ ಬೀದಿಯ ದೀಪದಿಂದ ಮೊದಲ್ಗೊಂಡು ಮಕ್ಕಳ ವಿದ್ಯಾಭ್ಯಾಸದವರೆಗೆ ಸಕಲವನ್ನೂ ಸರ್ಕಾರವೇ ನೋಡಿಕೊಳ್ಳಲೆಂದು ಮನೆಯಲ್ಲಿ ಕುಳಿತಿರುವವರು ಪೌರರೋ, ಬರಿಯ ಆಳಿಸಿಕೊಳ್ಳುವವರೋ? ಈ ಪ್ರಶ್ನೆಯನ್ನು ತನ್ನ ಜೀವಮಾನವೆಲ್ಲ ವಿಚಾರಿಸಿದ ಫ್ರೆಂಚ್ ರಾಜ್ಯಶಾಸ್ತ್ರಜ್ಞ ಅಲೆಕ್ಸಿ ದ ಟೋಕ್ವಿಲನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಟೋಕ್ವಿಲನು 1805ನೆಯ ಇಸವಿ ಜುಲೈ 29ರಂದು ಪ್ಯಾರಿಸಿನಲ್ಲಿ ಜನಿಸಿದನು. ಅವನದು ನಾರ್ಮಂಡಿ ಪ್ರಾಂತದ ಪುರಾತನ ಸರದಾರ ಮನೆತನ. ಮಹಾಕ್ರಾಂತಿಯ ಕಾಲದಲ್ಲಿ ಹದಿನಾರನೆಯ ಲೂಯಿ ರಾಜನ ಪರವಾಗಿ ವಾದಿಸಿದ ಅವನ ಮುತ್ತಾತ ಮಾಲ್‌ಜರ್ಬನು 1794ರಲ್ಲಿ ವಧಾಯಂತ್ರಕ್ಕೆ ಬಲಿಯಾದನು. ತಂದೆತಾಯಿಗಳು ಸೆರೆಮನೆಯಲ್ಲಿದ್ದು, ರೋಬೆಸ್ಪಿಯರನ ಪತನದಿಂದ ಬದುಕಿಕೊಂಡರು. ಇಂತಹ ಮನೆಯಲ್ಲಿ ಬೆಳೆದವನು ಪ್ರಜಾಪ್ರಭುತ್ವವನ್ನು ದ್ವೇಷಿಸಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಆದರೆ ಸರ್ವಸಮಾನತೆಯ ಯುಗವು ತಡೆಯಲಾಗದಂತೆ ಬರುತ್ತಿದೆಯೆಂದು ಅವನು ಕಂಡುಕೊಂಡನು. ಆ ಸಮಾನತೆಯಲ್ಲಿ ಸ್ವಾತಂತ್ರ್ಯವು ಉಳಿಯುವುದು ಹೇಗೆಂಬುದೇ ಅವನ ಚಿಂತೆಯಾಯಿತು.

ವರ್ಸಾಯ್ ನಗರದಲ್ಲಿ ಕಿರಿಯ ನ್ಯಾಯಾಧಿಕಾರಿಯಾಗಿದ್ದಾಗ 1830ರ ಕ್ರಾಂತಿಯಾಗಿ ಲೂಯಿ ಫಿಲಿಪನು ಪಟ್ಟಕ್ಕೆ ಬಂದನು. ಟೋಕ್ವಿಲನು ಮನಸ್ಸಿಲ್ಲದೆ ಹೊಸ ರಾಜನಿಗೆ ಪ್ರಮಾಣವಚನವನ್ನಿತ್ತನು. ಬಳಿಕ ಅಮೆರಿಕದ ಸೆರೆಮನೆಗಳ ವ್ಯವಸ್ಥೆಯನ್ನು ಪರೀಕ್ಷಿಸುವ ನೆಪದಿಂದ, ಗೆಳೆಯನಾದ ಗುಸ್ತಾವ್ ದ ಬೋಮೋನನೊಡನೆ 1831ರ ಏಪ್ರಿಲಿನಲ್ಲಿ ಹಡಗು ಹತ್ತಿದನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಮೇ ತಿಂಗಳಲ್ಲಿ ಅಮೆರಿಕವನ್ನು ಮುಟ್ಟಿ, 1832ರ ಫೆಬ್ರವರಿಯವರೆಗೆ ಸುಮಾರು ಒಂಬತ್ತು ತಿಂಗಳು ಅಲ್ಲಿ ಸಂಚರಿಸಿದನು. ಸೆರೆಮನೆಗಳ ವರದಿಯನ್ನು ಇಬ್ಬರೂ 1833ರಲ್ಲಿ ಪ್ರಕಟಿಸಿದರು. ಆದರೆ ನಿಜವಾದ ಫಲವು 1835ರಲ್ಲಿಯೂ 1840ರಲ್ಲಿಯೂ ಹೊರಬಂದ, ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತ ಅವನ ಮಹಾಗ್ರಂಥವಾಗಿದ್ದಿತು.

ಅವನ ಶೋಧನೆಯು ರಾಜಧಾನಿಯಿಂದ ಆರಂಭವಾಗದೆ ಊರಿನಿಂದ ಆರಂಭವಾಯಿತೆಂಬುದು ಗಮನಾರ್ಹ. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಎರಡು ಮೂರು ಸಾವಿರ ಜನರ ಊರು ಸಹ ತನ್ನ ಕೆಲಸವನ್ನು ತಾನೇ ನಡೆಸುತ್ತಿದ್ದಿತು. ಮ್ಯಾಸಚೂಸೆಟ್ಸಿನ ಒಂದು ಊರಿನಲ್ಲಿ ಹತ್ತೊಂಬತ್ತು ಬಗೆಯ ಮುಖ್ಯ ಅಧಿಕಾರಿಗಳನ್ನು ಅವನು ಎಣಿಸಿದನು. ಅವರೆಲ್ಲರೂ ಊರಿನವರೇ; ಆಯ್ಕೆಯಾದವನು ಕೆಲಸವನ್ನು ನಿರಾಕರಿಸಿದರೆ ದಂಡವನ್ನು ತೆರಬೇಕಾಗಿದ್ದಿತು. ಮಗುವಿಗೆ ಪಾಠಶಾಲೆಯು ಹೇಗೋ ಸ್ವಾತಂತ್ರ್ಯಕ್ಕೆ ಊರಿನ ಆಡಳಿತವು ಹಾಗೆಂದು ಅವನು ನಿಶ್ಚಯಿಸಿದನು.

ಎರಡನೆಯದಾಗಿ ಅವನ ಕಣ್ಣಿಗೆ ಬಿದ್ದುದು ಸಂಘಗಳು. ಲಕ್ಷ ಮಂದಿ ಮದ್ಯವನ್ನು ಮುಟ್ಟುವುದಿಲ್ಲವೆಂದು ಬಹಿರಂಗವಾಗಿ ಶಪಥ ಮಾಡಿರುವರೆಂದು ಕೇಳಿದಾಗ ಅದು ಪರಿಹಾಸವೆಂದು ಅವನು ಮೊದಲು ಬಗೆದನು. ತಮ್ಮ ಮನೆಯಲ್ಲಿ ನೀರು ಕುಡಿದುಕೊಂಡಿರಬಾರದೆ? ಬಳಿಕ ಅವನಿಗೆ ಅರ್ಥವಾಯಿತು. ಫ್ರಾನ್ಸಿನಲ್ಲಾದರೆ ಪ್ರತಿಯೊಬ್ಬನೂ ಮದ್ಯದಂಗಡಿಗಳ ಮೇಲೆ ಕಣ್ಣಿಡಬೇಕೆಂದು ಸರ್ಕಾರಕ್ಕೆ ಬೇರೆ ಬೇರೆಯಾಗಿ ಅರ್ಜಿ ಬರೆಯುತ್ತಿದ್ದನು. ಇಲ್ಲಿ ಜನರು ತಾವೇ ಕೂಡಿ ಮೇಲ್ಪಂಕ್ತಿಯನ್ನು ಹಾಕಿದ್ದರು.

ಅದೇ 1831ರ ಅಕ್ಟೋಬರಿನಲ್ಲಿ ಆಮದು ಸುಂಕದ ವಿರೋಧಿಗಳು ಫಿಲಡೆಲ್ಫಿಯದಲ್ಲಿ ಸಮ್ಮೇಳನವನ್ನು ಕೂಡಿಸಿದರು. ಪತ್ರಿಕೆಗಳಲ್ಲಿ ಪ್ರಕಟವಾದ ಕರೆಯನ್ನು ಓದಿ ಇನ್ನೂರಕ್ಕೂ ಹೆಚ್ಚು ಪ್ರತಿನಿಧಿಗಳು ನೆರೆದರು. ಇಂತಹ ಸ್ವಹಿತದ ಕೂಟವು ಶಾಸನಸಭೆಗೇ ಪ್ರತಿಸ್ಪರ್ಧಿಯಾಗಬಲ್ಲದೆಂಬ ಅಪಾಯವನ್ನು ಅವನು ಮರೆಮಾಚಲಿಲ್ಲ. ಆದರೂ ಬಯಲಿನಲ್ಲಿ ಕೂಡುವ ಹಕ್ಕು ಇರುವಲ್ಲಿ ಪಕ್ಷಗಳು ಹುಟ್ಟುವುವಲ್ಲದೆ ಗುಪ್ತ ಸಂಚುಗಳು ಹುಟ್ಟವೆಂಬುದು ಅವನ ನಿರ್ಣಯ. ಬಹುಮತದ ದಬ್ಬಾಳಿಕೆಯಿಂದ ಅಲ್ಪಸಂಖ್ಯಾತರಿಗೆ ಸಂಘವೇ ರಕ್ಷೆಯೆಂದೂ, ಪತ್ರಿಕೆಯಿಲ್ಲದೆ ಸಂಘವು ಬೆಳೆಯದೆಂದೂ ಅವನು ಬರೆದನು. ಈ ಎರಡನೆಯ ಮಾತು ನಮ್ಮ ವೃತ್ತಿಯ ಹೊಣೆಯನ್ನು ನಮಗೆ ನೆನಪಿಸುತ್ತದೆ.

ಅವನ ಸ್ವದೇಶದಲ್ಲಿ ಇದ್ದುದು ಇದಕ್ಕೆ ವಿರುದ್ಧವಾದ ಸ್ಥಿತಿ. ಸರ್ಕಾರದ ಅಪ್ಪಣೆಯಿಲ್ಲದೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸಂಘ ಕಟ್ಟಬಾರದೆಂದು ಫ್ರಾನ್ಸಿನ ದಂಡಸಂಹಿತೆಯು ವಿಧಿಸಿದ್ದಿತು. 1834ರ ಕಾನೂನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದುಕೊಂಡ ಸಂಘಗಳನ್ನೂ ಈ ನಿರ್ಬಂಧಕ್ಕೆ ಒಳಪಡಿಸಿತು. 1839ರಲ್ಲಿ ಶಾಸನಸಭೆಯನ್ನು ಹೊಕ್ಕ ಟೋಕ್ವಿಲನು 1848ರ ಜನವರಿಯಲ್ಲಿ ಕ್ರಾಂತಿಯು ಸಮೀಪಿಸಿದೆಯೆಂದು ಎಚ್ಚರಿಸಿದನು. ಸಭಿಕರು ಲೆಕ್ಕಿಸಲಿಲ್ಲ, ಮರುತಿಂಗಳೇ ಸಿಂಹಾಸನವು ಉರುಳಿತು. 1849ರಲ್ಲಿ ಅವನು ಐದು ತಿಂಗಳಷ್ಟು ವಿದೇಶಾಂಗ ಸಚಿವನಾಗಿದ್ದನು. 1851ರ ಡಿಸೆಂಬರ್ 2ರಂದು ಲೂಯಿ ನೆಪೋಲಿಯನನು ಅಧಿಕಾರವನ್ನು ಅಪಹರಿಸಿದಾಗ ಪ್ರತಿಭಟಿಸಿ ಬಂಧಿತನಾಗಿ, ಬಿಡುಗಡೆಯಾದ ಬಳಿಕ ರಾಜಕಾರಣವನ್ನೇ ತ್ಯಜಿಸಿದನು.

ಅನಂತರ ಅವನು ಸರ್ಕಾರಿ ದಫ್ತರಗಳ ಹಳೆಯ ಕಾಗದಪತ್ರಗಳನ್ನು ಶೋಧಿಸಿ, ಕ್ರಾಂತಿಗೆ ಹಿಂದಿನ ಫ್ರಾನ್ಸನ್ನು ಕುರಿತ ಗ್ರಂಥವನ್ನು 1856ರಲ್ಲಿ ಪ್ರಕಟಿಸಿದನು. ಹಳ್ಳಿಯ ದೇವಾಲಯದ ಸೂರಿಗೆ ಗಾಳಿಯಿಂದಾದ ಹಾನಿಯನ್ನು ಸರಿಪಡಿಸುವುದಕ್ಕೂ ರಾಜನ ಮಂತ್ರಾಲೋಚನಾ ಸಭೆಯ ಅಪ್ಪಣೆ ಬೇಕಾಗಿದ್ದುದನ್ನೂ, ಅದು ಬರುವುದಕ್ಕೆ ಎಷ್ಟೋ ವೇಳೆ ವರ್ಷವೇ ಕಳೆಯುತ್ತಿದ್ದುದನ್ನೂ ಅದರಲ್ಲಿ ತೋರಿಸಿದನು. ಕೂಡಿ ಕೆಲಸ ಮಾಡುವ ಅಭ್ಯಾಸವನ್ನು ಹೀಗೆ ಕಳೆದುಕೊಂಡ ಜನರು ಕ್ರಾಂತಿಯನ್ನು ಮಾಡಿಯೂ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲಾರದೆ ಹೋದರೆಂಬುದು ಆ ಗ್ರಂಥದ ಸಾರ.

ಈ ಮಹನೀಯನ ಒಂದು ಕಳಂಕವನ್ನು ಹೇಳದಿರುವುದು ನ್ಯಾಯವಲ್ಲ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯು ತೊಲಗಬೇಕೆಂದು ಶ್ರಮಿಸಿದ ಇವನೇ ಆಲ್ಜೀರಿಯದ ಆಕ್ರಮಣವನ್ನು ಸಮರ್ಥಿಸಿದನು. ಅಲ್ಲಿನವರ ಬೆಳೆಯನ್ನು ಸುಡುವುದೂ ಕಣಜವನ್ನು ಬರಿದುಮಾಡುವುದೂ ಅನಿವಾರ್ಯವೆಂದು 1841ರಲ್ಲಿ ಬರೆದನು. ಫ್ರೆಂಚರು ಅಲ್ಲಿನ ಶಾಲೆಗಳನ್ನೂ ಧರ್ಮಸಂಸ್ಥೆಗಳನ್ನೂ ಹಾಳುಗೆಡವಿದರೆಂದು 1847ರ ವರದಿಯಲ್ಲಿ ತಾನೇ ಒಪ್ಪಿಕೊಂಡರೂ ಆಳ್ವಿಕೆಯನ್ನು ಬಿಡಬೇಕೆನ್ನಲಿಲ್ಲ. ಭಾರತದಲ್ಲಿನ ಆಂಗ್ಲರ ಪ್ರಭುತ್ವದ ಮೇಲೆ ಗ್ರಂಥ ಬರೆಯಲು ಟಿಪ್ಪಣಿಗಳನ್ನು ಮಾಡಿ ಅರ್ಧಕ್ಕೆ ನಿಲ್ಲಿಸಿದನು. 1857ರಲ್ಲಿ ನಮ್ಮ ಜನರು ಎದ್ದಾಗ ಆಂಗ್ಲರ ಜಯವನ್ನೇ ಹಾರೈಸಿದನು. ಸ್ವಾತಂತ್ರ್ಯವನ್ನು ಅಭ್ಯಾಸದಿಂದಲ್ಲದೆ ಕಲಿಯಲಾಗದೆಂದು ಜಗತ್ತಿಗೆ ಸಾರಿದವನು, ಪರಾಧೀನ ಜನರಿಗೆ ಆ ಅಭ್ಯಾಸದ ಅವಕಾಶವೇ ಬೇಕೆಂದು ಕೇಳದೆ ಹೋದನು. ಅವನ ತತ್ತ್ವವು ಅವನಿಗಿಂತ ದೊಡ್ಡದಾಗಿದ್ದಿತು.

ಕ್ಷಯರೋಗದಿಂದ ಬಳಲಿ, 1859ರ ಏಪ್ರಿಲ್ 16ರಂದು ಕಾನ್ ಪಟ್ಟಣದಲ್ಲಿ ಟೋಕ್ವಿಲನು ಕಾಲವಾದನು. ಅಪ್ಪಣೆಯಿಲ್ಲದೆ ಸಂಘ ಕಟ್ಟುವ ಹಕ್ಕು ಅವನ ದೇಶಕ್ಕೆ ದೊರೆತುದು 1901ರಲ್ಲಿ. ನಮಗೆ ಅದನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಆದರೆ ಬರವಣಿಗೆಯಲ್ಲಿರುವ ಹಕ್ಕು ಬಳಕೆಯಿಂದ ಮಾತ್ರ ಬದುಕುವುದು. ಊರಿನ ಸಭೆ ಕೋರಂ ಇಲ್ಲದೆ ಮುಂದೆ ಹೋದರೆ ಅದರ ಹೊಣೆ ಮನೆಯಲ್ಲುಳಿದ ನಮ್ಮದು. ಊರಿನವರು ತಾವೇ ಮಾಡಬಲ್ಲ ಕೆಲಸದ ಕಡತವು ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿದ್ದರೆ ಅದರ ಹೊಣೆ ಅಧಿಕಾರಿಗಳದು. ಮುಂದಿನ ಸಭೆಗೆ ಇಬ್ಬರೂ ಹೋಗಲೆಂದು ನಾವು ಆಶಿಸುತ್ತೇವೆ.